ಗರ್ಭಿಣಿ ಹೆಂಡ್ತಿಗೆ ಶುಗರ್ ಅಂತ ಬಂದಾಗ: ರಿಪೋರ್ಟ್ ಬಂದ ದಿನದಿಂದ ಹೆರಿಗೆ ಆದ್ಮೇಲಿನ ಟೆಸ್ಟ್‌ವರೆಗೆ ಗಂಡ ಮಾಡ್ಬೇಕಾದ ಕೆಲ್ಸ

ರಿಪೋರ್ಟ್ ಬಂದ ದಿನ ನನ್ನ ಹೆಂಡ್ತಿ ಮೊದಲು ಕೇಳಿದ್ದು "ನಾನೇನ್ ತಪ್ಪು ಮಾಡ್ದೆ ರೀ" ಅಂತ. ಆಗ ಅವಳಿಗೆ 26 ವಾರ. ನನಗೆ ಉತ್ತರ ಗೊತ್ತಿರ್ಲಿಲ್ಲ, ಸಮಾಧಾನ ಮಾಡೋಣ ಅಂತ "ಏನಿಲ್ಲ ಬಿಡು, ಸ್ವೀಟ್ ಬಿಟ್ರೆ ಸರಿ ಹೋಗತ್ತೆ" ಅಂದ್ಬಿಟ್ಟೆ. ಆ ಮಾತಲ್ಲಿ ಎರಡು ತಪ್ಪಿತ್ತು. ಸ್ವೀಟ್ ತಿಂದಿದ್ದಕ್ಕೇ ಬಂತು ಅನ್ನೋ ಆರೋಪ ಅದರೊಳಗೇ ಅಡಗಿತ್ತು, ಅದು ಒಂದು. ಬರೀ ಸ್ವೀಟ್ ಬಿಟ್ರೆ ಹೋಗೋ ವಿಷ್ಯ ಇದಲ್ಲ, ಅದು ಇನ್ನೊಂದು. ಆಮೇಲೆ ಮೂರು ತಿಂಗಳು ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ, ಬರ್ದು, ಅಳೆದು, ಅತ್ತು, ನಾವಿಬ್ರೂ ಕಲಿತಿದ್ದನ್ನ ಒಂದೊಂದೇ ಹೆಜ್ಜೆಯಾಗಿ ಬರೀತಿದೀನಿ. ಮುಖ್ಯವಾಗಿ ಗಂಡಂದಿರಿಗೆ. ಚುಚ್ಚಿಸ್ಕೊಳ್ಳೋ ನೋವು ಅವಳೊಬ್ಬಳದ್ದೇ, ಅದನ್ನ ನಾವು ಹಂಚ್ಕೊಳ್ಳೋಕೆ ಆಗಲ್ಲ, ಆದ್ರೆ ಉಳಿದ ಕೆಲ್ಸದಲ್ಲಿ ಅರ್ಧಕ್ಕಿಂತ ಜಾಸ್ತಿ ನಾವು ಹೊತ್ಕೋಬಹುದು. ಯಾವ ಔಷಧಿ, ಎಷ್ಟು ಯೂನಿಟ್ಟು ಅನ್ನೋದು ಮಾತ್ರ ನಿಮ್ಮ ಡಾಕ್ಟರೇ ಹೇಳ್ಬೇಕು, ಇಲ್ಲಿ ಓದಿ ಡೋಸ್ ಬದಲಾಯಿಸ್ಬೇಡಿ.

ಹೆಜ್ಜೆ 1: ಇದು ಯಾಕೆ ಬರತ್ತೆ ಅಂತ ಮೊದಲು ನೀವು ತಿಳ್ಕೊಳ್ಳಿ

ಮಗುಗೆ ಊಟ ತಲುಪ್ಸೋದು ಮಾಸು, ಅಂದ್ರೆ ಪ್ಲಾಸೆಂಟಾ. ಅದೇ ಮಾಸು ಕೆಲವು ಹಾರ್ಮೋನುಗಳನ್ನೂ ಬಿಡತ್ತೆ, ಇವು ತಾಯಿ ಮೈಯಲ್ಲಿ ಇನ್ಸುಲಿನ್, ಅಂದ್ರೆ ರಕ್ತದ ಸಕ್ಕರೆ ಇಳ್ಸೋ ಹಾರ್ಮೋನು, ಕೆಲ್ಸ ಮಾಡೋದನ್ನ ತಡೀತವೆ. ಯಾಕೆ ಅಂದ್ರೆ ತಾಯಿ ರಕ್ತದಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿ ಹೊತ್ತು ಉಳಿದ್ರೆ ಮಗುಗೆ ಸಿಗತ್ತೆ, ಹಂಗಾಗಿ ಇದು ಎಲ್ಲಾ ಗರ್ಭಿಣಿಯರಲ್ಲೂ ಆಗತ್ತೆ. ಮಾಸು ಬೆಳೆದಂಗೆ ಈ ತಡೆ ಜಾಸ್ತಿ ಆಗತ್ತೆ, ಹೆಚ್ಚಿನವರ ಮೈ ಅದಕ್ಕೆ ಸರಿಯಾಗಿ ಇನ್ಸುಲಿನ್ ಹೆಚ್ಚು ತಯಾರು ಮಾಡ್ಕೊಂಡು ಸುಧಾರಿಸ್ಕೊಳ್ಳತ್ತೆ, ಕೆಲವರಿಗೆ ಅಷ್ಟು ಆಗಲ್ಲ. ವ್ಯತ್ಯಾಸ ಇಷ್ಟೇ. ಮನೆಯಲ್ಲಿ ಯಾರಿಗಾದ್ರೂ ಶುಗರ್ ಇದ್ರೆ, ವಯಸ್ಸು ಸ್ವಲ್ಪ ಹೆಚ್ಚಿದ್ರೆ, ತೂಕ ಜಾಸ್ತಿ ಇದ್ರೆ, ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರು) ಇದ್ರೆ ಸಾಧ್ಯತೆ ಹೆಚ್ಚು, ಆದ್ರೆ ಇದ್ಯಾವುದೂ ಇಲ್ದೆ ಸಣ್ಣಗೆ ಇರೋರಿಗೂ ಬರತ್ತೆ. ಸಾಮಾನ್ಯವಾಗಿ 24ರಿಂದ 28 ವಾರದ ಒಳಗೆ ಟೆಸ್ಟ್ ಮಾಡೋದು ಇದೇ ಕಾರಣಕ್ಕೆ, ಮಾಸಿನ ಪ್ರಭಾವ ಚೆನ್ನಾಗಿ ಕಾಣ್ಸೋಕೆ ಶುರು ಆಗೋ ಹೊತ್ತು ಅದು.

ಮಗುಗೆ ಏನಾಗತ್ತೆ ಅನ್ನೋದನ್ನ 1950ರ ದಶಕದಲ್ಲೇ ಡೆನ್ಮಾರ್ಕ್‌ನ ಡಾಕ್ಟರ್ ಪೆಡರ್ಸನ್ ವಿವರಿಸಿದ್ರು. ತಾಯಿ ರಕ್ತದ ಸಕ್ಕರೆ ಮಾಸು ದಾಟಿ ಮಗುಗೆ ಹೋಗತ್ತೆ, ತಾಯಿಯ ಇನ್ಸುಲಿನ್ ದಾಟಲ್ಲ. ಅಷ್ಟು ಸಕ್ಕರೆ ಬಂದಾಗ ಮಗುನೇ ತನ್ನ ಪುಟ್ಟ ಮೇದೋಜೀರಕದಿಂದ ಇನ್ಸುಲಿನ್ ಹೆಚ್ಚು ಮಾಡ್ಕೊಳ್ಳತ್ತೆ, ಆ ಇನ್ಸುಲಿನ್ನು ಸಕ್ಕರೆನ ಕೊಬ್ಬಾಗಿ ಕೂಡಿಡತ್ತೆ, ಮಗು ದಪ್ಪ ಆಗತ್ತೆ, ಹೆರಿಗೆಯಲ್ಲಿ ಭುಜ ಸಿಕ್ಕಿಹಾಕ್ಕೊಳ್ಳೋ ಅಪಾಯ ಬರತ್ತೆ. ಹುಟ್ಟಿದ ಮೇಲೆ ಹೊಕ್ಕುಳಬಳ್ಳಿ ಕತ್ತರಿಸಿದ ತಕ್ಷಣ ಸಕ್ಕರೆ ಬರೋದು ನಿಲ್ಲತ್ತೆ ಆದ್ರೆ ಮಗು ಮೈಯಲ್ಲಿ ಇನ್ಸುಲಿನ್ ಇನ್ನೂ ಹೆಚ್ಚೇ ಇರತ್ತೆ, ಆಗ ಮಗುಗೆ ಶುಗರ್ ಲೋ ಆಗಬಹುದು. ಮುಂದೆ ನಾವು ಮಾಡೋ ಎಲ್ಲಾ ಕೆಲ್ಸದ ಹಿಂದೆ ಇರೋದು ಈ ಒಂದೇ ಲೆಕ್ಕ.

ಧೈರ್ಯ ಕೊಡೋ ವಿಷ್ಯನೂ ಇದೆ. ಆಸ್ಟ್ರೇಲಿಯಾದಲ್ಲಿ ಸಾವಿರ ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟ ಆಯ್ತು, ಊಟದ ಸಲಹೆ, ಮನೆಯಲ್ಲೇ ಶುಗರ್ ನೋಡೋ ಮೀಟರು, ಬೇಕಿದ್ರೆ ಇನ್ಸುಲಿನ್ ಕೊಟ್ಟು ನೋಡ್ಕೊಂಡ ಗುಂಪಲ್ಲಿ ಮಗುಗೆ ಗಂಭೀರ ತೊಂದರೆ ಆಗಿದ್ದು 1% ಮಾತ್ರ, ಮಾಮೂಲಿ ಆರೈಕೆ ಗುಂಪಲ್ಲಿ 4%. ಅಂದ್ರೆ ನೀವು ಪಡೋ ಕಷ್ಟಕ್ಕೆ ಫಲ ಇದೆ.

ಹೆಜ್ಜೆ 2: ರಿಪೋರ್ಟ್ ಓದೋದು

75 ಗ್ರಾಂ ಗ್ಲುಕೋಸ್ ಕುಡಿಸಿ ಮೂರು ಸಲ ರಕ್ತ ತೆಗೆಯೋ ಟೆಸ್ಟ್ ಆಗಿದ್ರೆ ಖಾಲಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153, ಇದ್ರಲ್ಲಿ ಯಾವುದಾದ್ರೂ ಒಂದು ಮುಟ್ಟಿದ್ರೂ ಸಾಕು, ಗರ್ಭಾವಸ್ಥೆಯ ಶುಗರ್ ಅಂತ ಹೇಳ್ತಾರೆ. ಕೆಲವು ಕಡೆ ಮೊದಲು 50 ಗ್ರಾಂ ಕುಡಿಸಿ ನೋಡಿ, ಜಾಸ್ತಿ ಬಂದ್ರೆ ಮಾತ್ರ ಇನ್ನೊಂದು ದಿನ 100 ಗ್ರಾಂ ಟೆಸ್ಟ್ ಮಾಡ್ತಾರೆ, ಅದರ ಲೆಕ್ಕ ಬೇರೆ. ನಿಮ್ಮದು ಯಾವ ಟೆಸ್ಟ್ ಅಂತ ಕೇಳಿ ತಿಳ್ಕೊಂಡೇ ನಂಬರ್ ಹೋಲಿಸಿ, ಇಲ್ಲಾಂದ್ರೆ ಸುಮ್ನೆ ಗಾಬರಿ. ಈ ನಂಬರ್‌ಗಳೆಲ್ಲ ಮಿಲಿಗ್ರಾಂ ಲೆಕ್ಕದ್ದು, ನಿಮ್ಮ ಮೀಟರ್ ಮಿಲಿಮೋಲ್ ತೋರಿಸಿದ್ರೆ 18ರಿಂದ ಗುಣಿಸಿ ನೋಡ್ಕೊಳ್ಳಿ.

ಒಂಬತ್ತು ದೇಶದಲ್ಲಿ 23,000ಕ್ಕೂ ಹೆಚ್ಚು ಗರ್ಭಿಣಿಯರನ್ನ ನೋಡಿದ ಹ್ಯಾಪೋ ಅನ್ನೋ ದೊಡ್ಡ ಅಧ್ಯಯನ 2008ರಲ್ಲಿ ಬಂತು. ಅದರಲ್ಲಿ ಗೊತ್ತಾಗಿದ್ದು ಏನಂದ್ರೆ ಶುಗರ್ ಏರಿದಂಗೆ ಅಪಾಯ ನಿಧಾನಕ್ಕೆ ಏರತ್ತೆ, ಇಲ್ಲಿವರೆಗೆ ಸೇಫು ಇಲ್ಲಿಂದಾಚೆ ಡೇಂಜರು ಅನ್ನೋ ಗೋಡೆ ಎಲ್ಲೂ ಇಲ್ಲ. ಇದನ್ನ ನಾನು ಯಾಕೆ ಹೇಳ್ತಿದೀನಿ ಅಂದ್ರೆ ಊಟ ಆಗಿ ಒಂದು ಗಂಟೆಗೆ 140ರ ಗುರಿ ದಾಟಿ ಒಂದು ಸಲ 143 ಬಂತು ಅಂತ ಮಗುಗೇನೂ ಆಗೋದಿಲ್ಲ, ವಾರಗಟ್ಟಲೆ ಹಂಗೇ ಬರ್ತಾ ಇರೋದು ತೊಂದರೆ. ನನ್ನ ಹೆಂಡ್ತಿ ಈ ಮಾತು ಕೇಳಿದ ಮೇಲೆನೇ ರಾತ್ರಿ ನಿದ್ದೆ ಮಾಡಿದ್ದು.

ಹೆಜ್ಜೆ 3: ಮೊದಲ ಅಪಾಯಿಂಟ್‌ಮೆಂಟ್‌ಗೆ ನೀವೂ ಹೋಗಿ

ಅವಳು ಆ ಹೊತ್ತಲ್ಲಿ ಅರ್ಧ ಮಾತು ಕೇಳಿಸ್ಕೊಳ್ಳೋ ಸ್ಥಿತಿಯಲ್ಲಿ ಇರಲ್ಲ, ಹಂಗಾಗಿ ಬರ್ಕೊಳ್ಳೋ ಕೆಲ್ಸ ನಿಮ್ಮದು. ದಿನಕ್ಕೆ ಎಷ್ಟು ಸಲ ನೋಡ್ಬೇಕು, ಊಟ ಆಗಿ ಒಂದು ಗಂಟೆಗಾ ಎರಡು ಗಂಟೆಗಾ, ಗುರಿ ಎಷ್ಟು, ಯಾವ ರೀಡಿಂಗ್ ಬಂದ್ರೆ ಫೋನ್ ಮಾಡ್ಬೇಕು, ರಾತ್ರಿ ಹೊತ್ತು ಯಾವ ನಂಬರ್‌ಗೆ ಮಾಡ್ಬೇಕು, ಡಯಟೀಷಿಯನ್ ಸಿಗ್ತಾರಾ, ಮುಂದಿನ ಸ್ಕ್ಯಾನ್ ಯಾವಾಗ, ಇಷ್ಟನ್ನ ಕೇಳದೆ ಅಲ್ಲಿಂದ ಎದ್ದು ಬರ್ಬೇಡಿ. ಹೆಚ್ಚಿನ ಕಡೆ ಕೊಡೋ ಗುರಿ ಖಾಲಿ ಹೊಟ್ಟೆಯಲ್ಲಿ 95ರ ಕೆಳಗೆ, ಊಟ ಆಗಿ ಒಂದು ಗಂಟೆಗೆ 140ರ ಕೆಳಗೆ, ಎರಡು ಗಂಟೆಗೆ ಆದ್ರೆ 120ರ ಕೆಳಗೆ. ನಿಮ್ಮ ಡಾಕ್ಟರ್ ಸ್ವಲ್ಪ ಬೇರೆ ಹೇಳಿದ್ರೆ ಅವರು ಹೇಳಿದ್ದೇ ಸರಿ. ಮೂರು ತಿಂಗಳ ಸರಾಸರಿ ತೋರ್ಸೋ ಎಚ್‌ಬಿಎ1ಸಿ ಟೆಸ್ಟ್ ಒಂದನ್ನೇ ನಂಬ್ಕೊಂಡು ಕೂರೋಕೆ ಆಗಲ್ಲ, ಗರ್ಭಿಣಿಯರಲ್ಲಿ ಕೆಂಪು ರಕ್ತಕಣ ಬೇಗ ಬೇಗ ಬದಲಾಗೋದ್ರಿಂದ ಅದು ಕಮ್ಮಿ ತೋರ್ಸತ್ತೆ. ದಿನದಿನದ ಮೀಟರ್ ರೀಡಿಂಗೇ ಮುಖ್ಯ.

ಹೆಜ್ಜೆ 4: ಮೀಟರ್ ಸರಿಯಾಗಿ ಹಿಡಿಯೋದು

ಎರಡನೇ ವಾರದಲ್ಲಿ ಒಂದು ದಿನ ತಿಂಡಿ ಆದ್ಮೇಲೆ 187 ಬಂತು. ತಿಂದಿದ್ದು ದಿನಾ ತಿನ್ನೋದೇ, ಅಳತೆನೂ ಅಷ್ಟೇ. ಅವಳ ಕಣ್ಣಲ್ಲಿ ನೀರು ತುಂಬ್ಕೊಂತು. ಆಮೇಲೆ ನೋಡಿದ್ರೆ ಹತ್ತು ನಿಮಿಷದ ಹಿಂದೆ ನನಗೆ ಅಂತ ಕಿತ್ತಳೆ ಹಣ್ಣು ಸುಲ್ಕೊಟ್ಟಿದ್ಲು, ಕೈ ತೊಳೆದಿರ್ಲಿಲ್ಲ. ಸೋಪಲ್ಲಿ ತೊಳೆದು, ಒರೆಸ್ಕೊಂಡು, ಬೇರೆ ಬೆರಳಲ್ಲಿ ನೋಡಿದ್ರೆ 128. ಬೆರಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಹಣ್ಣಿನ ರಸ ಇದ್ರೂ ಸಾಕು ಅಷ್ಟು ವ್ಯತ್ಯಾಸ ಬರೋಕೆ.

ಹಂಗಾಗಿ ಪ್ರತಿ ಸಲ ಸೋಪು ನೀರಲ್ಲಿ ಕೈ ತೊಳೆದು ಪೂರ್ತಿ ಒಣಗಿಸ್ಕೊಳ್ಳೋದು, ಒದ್ದೆ ಇದ್ರೆ ರಕ್ತ ತೆಳ್ಳಗಾಗಿ ಕಮ್ಮಿ ತೋರಿಸಬಹುದು. ಬೆರಳ ಮಧ್ಯದ ಮೆತ್ತನೆ ಜಾಗ ಬೇಡ, ಪಕ್ಕದಲ್ಲಿ ಚುಚ್ಚಿ, ಅಲ್ಲಿ ನೋವು ಕಮ್ಮಿ, ದಿನಾ ಬೆರಳು ಬದಲಾಯಿಸಿ. ಕೈ ತಣ್ಣಗಿದ್ರೆ ಬೆಚ್ಚಗಿನ ನೀರಲ್ಲಿ ಅದ್ದಿ ಒರೆಸ್ಕೊಂಡು ಕೆಳಗೆ ಇಳಿಬಿಟ್ರೆ ರಕ್ತ ತಾನೇ ಬರತ್ತೆ, ಜೋರಾಗಿ ಹಿಂಡ್ಬಾರ್ದು. ಲ್ಯಾನ್ಸೆಟ್ ಸೂಜಿ ಹಳೇದಾದಷ್ಟು ಮೊಂಡಾಗತ್ತೆ, ಜಾಸ್ತಿ ನೋಯತ್ತೆ, ಬದಲಾಯಿಸ್ತಾ ಇರಿ. ಸ್ಟ್ರಿಪ್ ಡಬ್ಬಿ ಮುಚ್ಚಳ ತಕ್ಷಣ ಹಾಕಿ, ಗಾಳಿ ತೇವಕ್ಕೆ ಸ್ಟ್ರಿಪ್ ಕೆಡತ್ತೆ, ಎಕ್ಸ್‌ಪೈರಿ ಡೇಟ್ ನೋಡಿ. ಒಂದು ಗಂಟೆ ಅನ್ನೋದನ್ನ ಊಟದ ಮೊದಲ ತುತ್ತಿನಿಂದ ಲೆಕ್ಕ ಹಾಕ್ಬೇಕು, ಕೈ ತೊಳೆದಾಗಿಂದ ಅಲ್ಲ. ನಾನು ಅವಳು ಮೊದಲ ತುತ್ತು ಬಾಯಿಗಿಟ್ಟ ತಕ್ಷಣ ನನ್ನ ಫೋನಲ್ಲಿ ಟೈಮರ್ ಹಾಕ್ತಿದ್ದೆ, ಅಲಾರಂ ಆದಾಗ ಮೀಟರು, ಸ್ಟ್ರಿಪ್ಪು, ಹತ್ತಿ ತಂದು ಪಕ್ಕದಲ್ಲಿ ಇಡ್ತಿದ್ದೆ. ಸಣ್ಣ ಕೆಲ್ಸ, ಆದ್ರೆ ನೆನಪಿಟ್ಕೊಳ್ಳೋ ಭಾರ ಅವಳ ತಲೆಯಿಂದ ಹೋಗತ್ತೆ ನೋಡಿ, ಅದು ದೊಡ್ಡದು.

ಬರೀ ನಂಬರ್ ಬರೆದ್ರೆ ಸಾಲದು. ಏನು ತಿಂದ್ಲು, ಎಷ್ಟು, ಆಮೇಲೆ ನಡೆದ್ಲಾ, ರಾತ್ರಿ ನಿದ್ದೆ ಬಂತಾ, ನೆಗಡಿ ಜ್ವರ ಇತ್ತಾ, ಒಂದೊಂದು ಪದದಲ್ಲಿ ಪಕ್ಕದಲ್ಲಿ ಬರೀರಿ. ನಿದ್ದೆ ಕೆಟ್ರೆ, ಹುಷಾರು ತಪ್ಪಿದ್ರೆ, ಟೆನ್ಷನ್ ಆದ್ರೆ, ಊಟ ಬದಲಾಗದಿದ್ರೂ ಶುಗರ್ ಏರತ್ತೆ. ಅವಧಿಗೆ ಮುಂಚೆ ಹೆರಿಗೆ ಆಗಬಹುದು ಅಂತ ಮಗು ಶ್ವಾಸಕೋಶಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ರೆ ಕೆಲವು ದಿನ ಶುಗರ್ ಚೆನ್ನಾಗೇ ಏರತ್ತೆ, ಅದು ಮುಂಚೆನೇ ಗೊತ್ತಿದ್ರೆ ಗಾಬರಿ ಆಗಲ್ಲ.

ಹೆಜ್ಜೆ 5: ತಟ್ಟೆ

ಜಾಸ್ತಿ ತಪ್ಪು ಆಗೋದು ಇಲ್ಲೇ. ಹೆದ್ರಿ ಊಟನೇ ಬಿಡೋರು ಇದಾರೆ. ನನ್ನ ಹೆಂಡ್ತಿ ಮೊದಲ ವಾರ ಬರೀ ಸೌತೆಕಾಯಿ, ಮೊಟ್ಟೆ ತಿಂದ್ಕೊಂಡು ನಂಬರ್ ಚೆನ್ನಾಗಿ ಬಂತು ಅಂತ ಖುಷಿ ಪಟ್ಲು, ಡಯಟೀಷಿಯನ್ ಹತ್ರ ಹೋದಾಗ ಅವರು ಸಿಟ್ಟಾಗ್ಲಿಲ್ಲ, ಆದ್ರೆ ಖಡಾಖಂಡಿತವಾಗಿ ಬೇಡ ಅಂದ್ರು. ಗರ್ಭಿಣಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಕಾರ್ಬೋಹೈಡ್ರೇಟ್ (ಅನ್ನ, ಬ್ರೆಡ್ಡು, ಹಣ್ಣಲ್ಲಿರೋ ಪಿಷ್ಟ, ಸಕ್ಕರೆ; ಚಿಕ್ಕದಾಗಿ ಕಾರ್ಬ್) ಬೇಕು ಅಂತಾರೆ, ಮಗು ಮೆದುಳಿಗೆ ಗ್ಲುಕೋಸ್ ಬೇಕು. ತೀರಾ ಕಮ್ಮಿ ತಿಂದ್ರೆ ಮೈ ಕೊಬ್ಬು ಕರಗ್ಸಿ ಅದರಿಂದ ಬರೋ ಕೀಟೋನ್ ಅನ್ನೋ ಆಮ್ಲ ರಕ್ತದಲ್ಲಿ ಹೆಚ್ಚತ್ತೆ, ಅದು ಬೇಡ. ಇದು ತೂಕ ಇಳ್ಸೋ ಡಯಟ್ ಅಲ್ಲ. ಕಾರ್ಬ್ ಬಿಡೋದಲ್ಲ, ಹಂಚಿ ತಿನ್ನೋದು.

ಮೂರು ಊಟ, ಮಧ್ಯೆ ಎರಡು ಮೂರು ಸಣ್ಣ ತಿಂಡಿ. ತಟ್ಟೆಯಲ್ಲಿ ಅರ್ಧ ತರಕಾರಿ ಸೊಪ್ಪು, ಕಾಲು ಭಾಗ ಪ್ರೋಟೀನು, ಅಂದ್ರೆ ಕಾಳು, ಬೇಳೆ, ಮೊಟ್ಟೆ, ಮೀನು, ಮಾಂಸ, ಪನೀರ್ ಯಾವುದು ನಿಮಗೆ ಆಗತ್ತೋ ಅದು, ಇನ್ನು ಕಾಲು ಭಾಗ ಅನ್ನ, ಬ್ರೆಡ್ಡು, ಆಲೂಗಡ್ಡೆ ತರದ್ದು. 15 ಗ್ರಾಂ ಕಾರ್ಬ್ ಅಂದ್ರೆ ಎಷ್ಟು ಅಂತ ಕೈಯಲ್ಲಿ ಅಂದಾಜು ಬರ್ಬೇಕು: ಹತ್ರಹತ್ರ ಒಂದು ಸ್ಲೈಸ್ ಬ್ರೆಡ್, ಇಲ್ಲಾ ಮೂರನೇ ಒಂದು ಕಪ್ ಬೆಂದ ಅನ್ನ, ಇಲ್ಲಾ ಒಂದು ಚಿಕ್ಕ ಸೇಬು. ನಾನು ಮೊದಲ ಎರಡು ವಾರ ಅನ್ನನ ಕಪ್‌ನಲ್ಲೇ ಅಳೆದು ಬಡಿಸ್ದೆ, ಆಮೇಲೆ ಸೌಟಿನ ಲೆಕ್ಕ ಕೂತ್ಕೊಂತು. ನನಗೆ ಅಲ್ಲಿವರೆಗೂ ಗೊತ್ತಿರ್ಲಿಲ್ಲ, ನಾವು "ಸ್ವಲ್ಪ" ಅಂತ ಹಾಕ್ಕೊಳ್ಳೋ ಅನ್ನ ಎರಡು ಕಪ್ ಹತ್ರ ಇರತ್ತೆ ಅಂತ.

ಬೆಳಿಗ್ಗೆ ತಿಂಡಿನೇ ಹಠಮಾರಿ. ಬೆಳಗಿನ ಹೊತ್ತು ಕಾರ್ಟಿಸಾಲ್ ಥರದ ಹಾರ್ಮೋನ್ ಜಾಸ್ತಿ ಇರೋದ್ರಿಂದ ಅದೇ ಎರಡು ಸ್ಲೈಸ್ ಬ್ರೆಡ್ಡು ರಾತ್ರಿ ತಿಂದ್ರೆ 120 ಬರೋದು ಬೆಳಿಗ್ಗೆ 155 ಬರಬಹುದು. ಹಂಗಾಗಿ ತಿಂಡಿಗೆ ಕಾರ್ಬ್ ಕಮ್ಮಿ, ಪ್ರೋಟೀನ್ ಜಾಸ್ತಿ. ಬೆಳಿಗ್ಗೆ ಹಣ್ಣು, ಪ್ಯಾಕೆಟ್ ಸೀರಿಯಲ್ಲು, ಜ್ಯೂಸು ಬೇಡ. ಹಣ್ಣು ಪೂರ್ತಿ ಬಿಡ್ಬೇಕಾಗಿಲ್ಲ, ಜ್ಯೂಸ್ ಮಾಡದೆ ಹಣ್ಣಾಗೇ, ಚಿಕ್ಕದೊಂದು, ಮಧ್ಯಾಹ್ನದ ಮೇಲೆ, ಜೊತೆಗೆ ಒಂದು ಹಿಡಿ ಬಾದಾಮಿ ಕಡಲೆಬೀಜ ಥರದ್ದು. ತರಕಾರಿ, ಪ್ರೋಟೀನ್ ಮೊದಲು ತಿಂದು ಅನ್ನ ಕೊನೆಗೆ ತಿಂದ್ರೆ ಕೆಲವರಿಗೆ ಏರೋದು ಕಮ್ಮಿ ಆಗತ್ತೆ, ನಮಗೆ ಆಯ್ತು, ನಿಮಗೆ ಆಗತ್ತಾ ಅಂತ ಮೀಟರೇ ಹೇಳತ್ತೆ. ಒಬ್ಬರ ಚಾರ್ಟ್ ಇನ್ನೊಬ್ಬರಿಗೆ ಆಗಲ್ಲ. "ಶುಗರ್ ಫ್ರೀ" ಅಂತ ಬರೆದಿರೋ ಬಿಸ್ಕತ್ತಲ್ಲೂ ಮೈದಾ ಇರತ್ತೆ, ಪ್ಯಾಕೆಟ್ ಹಿಂದೆ ಟೋಟಲ್ ಕಾರ್ಬೋಹೈಡ್ರೇಟ್ ಎಷ್ಟು ಅಂತ ಓದಿ, ಮುಂದಿನ ದೊಡ್ಡಕ್ಷರ ನಂಬ್ಬೇಡಿ.

ಇನ್ನು ನಿಮ್ಮ ತಟ್ಟೆ. ಅವಳು ಅಳೆದ ಅನ್ನ ತಿನ್ನೋವಾಗ ಎದುರಿಗೆ ಕೂತು ಐಸ್‌ಕ್ರೀಮ್ ತಿನ್ನೋದು ಕ್ರೂರ. ನಾನು ಅವಳು ತಿನ್ನೋದೇ ತಿಂದೆ, ಮನೆಯಲ್ಲಿ ಎರಡು ಅಡಿಗೆ ಮಾಡ್ಲಿಲ್ಲ. ತರಕಾರಿ ಹೆಚ್ಚೋದು, ಕಾಳು ನೆನೆ ಹಾಕೋದು, ಮಧ್ಯದ ತಿಂಡಿನ ಸಣ್ಣ ಡಬ್ಬಿಗೆ ಹಾಕಿ ಅವಳ ಬ್ಯಾಗಲ್ಲಿ ಇಡೋದು ರಾತ್ರಿನೇ ಮುಗ್ಸಿ ಮಲಗಿ. ದಿನಕ್ಕೆ ಆರು ಸಲ ಏನ್ ತಿನ್ಲಿ ಅಂತ ಯೋಚಿಸೋದೇ ಸುಸ್ತು ಹೊಡೆಸೋ ಕೆಲ್ಸ, ಆ ಯೋಚನೆ ನಿಮ್ಮದಾಗ್ಲಿ.

ಹೆಜ್ಜೆ 6: ಊಟ ಆದ್ಮೇಲೆ ನಡಿಗೆ

10ರಿಂದ 15 ನಿಮಿಷ, ಪ್ರತಿ ಊಟ ಆದ್ಮೇಲೆ, ಮಾತಾಡ್ಕೊಂಡು ನಡೆಯೋ ಅಷ್ಟೇ ಸ್ಪೀಡು. ನಡೆಯೋವಾಗ ಸ್ನಾಯುಗಳು ರಕ್ತದ ಸಕ್ಕರೆನ ಹೆಚ್ಚು ಇನ್ಸುಲಿನ್ ಇಲ್ಲದೇನೂ ಎಳ್ಕೊಳ್ತವೆ, ಅದಕ್ಕೇ ಇದು ಅಷ್ಟು ಚೆನ್ನಾಗಿ ಕೆಲ್ಸ ಮಾಡೋದು. ಹೊರಗೆ ಹೋಗೋಕೆ ಆಗದಿದ್ರೆ ಮನೆ ಒಳಗೇ ಸುತ್ತಿ. ಜೊತೆಗೆ ನೀವೂ ನಡೀರಿ, "ಹೋಗಿ ನಡ್ಕೊಂಡ್ ಬಾ" ಅಂತ ಕೂತಲ್ಲಿಂದ ಹೇಳ್ಬೇಡಿ. ರಕ್ತಸ್ರಾವ, ಮಾಸು ಕೆಳಗಿರೋದು, ಅವಧಿಗೆ ಮುಂಚೆ ನೋವು ಇಂಥ ತೊಂದರೆ ಇದ್ರೆ ಮಾತ್ರ ಡಾಕ್ಟರ್ ಹೇಳಿದ ಮೇಲೆನೇ.

ಹೆಜ್ಜೆ 7: ಎಲ್ಲಾ ಮಾಡಿದ್ರೂ ಫಾಸ್ಟಿಂಗ್ ಇಳೀತಿಲ್ಲ ಅಂದಾಗ

ಊಟದ ನಂತರದ್ದೆಲ್ಲ ಚೆನ್ನಾಗಿದೆ, ಬೆಳಿಗ್ಗೆ ಖಾಲಿ ಹೊಟ್ಟೆದು ಮಾತ್ರ 98, 101, 97. ನಮ್ಮ ಕಥೆನೂ ಇದೇ. ಫಾಸ್ಟಿಂಗ್ ನಂಬರ್ ಬಗ್ಗೆ ಅವಳು ಮಾಡೋಕೆ ಆಗೋದು ಬಹಳ ಕಮ್ಮಿ, ಯಾಕಂದ್ರೆ ಅದು ಅವಳು ನಿದ್ದೆಯಲ್ಲಿದ್ದಾಗ ಲಿವರ್ ತಾನೇ ಬಿಡೋ ಸಕ್ಕರೆ. ಮಲಗೋ ಮುಂಚೆ ಪ್ರೋಟೀನ್ ಜೊತೆ ಸ್ವಲ್ಪ ಕಾರ್ಬ್ ಇರೋ ತಿಂಡಿ ತಿಂದು, ರಾತ್ರಿ ಊಟಕ್ಕೂ ಬೆಳಗಿನ ಟೆಸ್ಟ್‌ಗೂ ಮಧ್ಯೆ ತುಂಬಾ ಅಂತರ ಇಲ್ದಂಗೆ ನೋಡ್ಕೊಂಡ್ರೆ ಕೆಲವರಿಗೆ ಇಳಿಯತ್ತೆ. ಇಳೀಲಿಲ್ಲ ಅಂದ್ರೆ ರಾತ್ರಿ ಇನ್ಸುಲಿನ್ ಬೇಕಾಗತ್ತೆ, ಅಷ್ಟೇ. 70ರಿಂದ 85% ಜನಕ್ಕೆ ಊಟ ನಡಿಗೆಯಲ್ಲೇ ಸರಿ ಹೋಗತ್ತೆ, ಉಳಿದವರಿಗೆ ಔಷಧಿ ಬೇಕು, ಉಳಿದವರು ಕಮ್ಮಿ ಪ್ರಯತ್ನ ಪಟ್ಟವರು ಅಂತ ಅಲ್ಲ, ಮಾಸಿನ ತಡೆಗೆ ತಕ್ಕಷ್ಟು ಇನ್ಸುಲಿನ್ ಅವರ ಮೈಗೆ ಮಾಡ್ಕೊಳ್ಳೋಕೆ ಆಗ್ತಿಲ್ಲ ಅಂತ.

ಇನ್ಸುಲಿನ್ ಅಂದ ದಿನ ಅವಳು ಕಾರಲ್ಲಿ ಮಾತೇ ಆಡ್ಲಿಲ್ಲ, ಸೋತೆ ಅಂತ ಅವಳ ಮನಸ್ಸಲ್ಲಿ. ಈ ಸಲ ನಾನು ಬುದ್ಧಿ ಕಲ್ತಿದ್ದೆ, ಏನೂ ಉಪದೇಶ ಮಾಡದೆ "ಇನ್ಸುಲಿನ್ ಮಗುಗೆ ಹೋಗಲ್ಲವಂತೆ, ಮಾಸು ದಾಟಲ್ಲವಂತೆ" ಅಂತ ಅಷ್ಟೇ ಹೇಳ್ದೆ. ಸ್ವಲ್ಪ ಹೊತ್ತಾದ್ಮೇಲೆ "ಹೌದಾ?" ಅಂದ್ಲು. ಅದು ನಿಜ, ಇನ್ಸುಲಿನ್‌ನ ಮೊದಲ ಆಯ್ಕೆ ಮಾಡೋಕೆ ಅದೇ ಒಂದು ದೊಡ್ಡ ಕಾರಣ. ಮೆಟ್‌ಫಾರ್ಮಿನ್ ಮಾತ್ರೆನೂ ಕೊಡ್ತಾರೆ, ಅದು ಮಾಸು ದಾಟತ್ತೆ, ಸಾಧಕ ಬಾಧಕ ಏನು ಅಂತ ಡಾಕ್ಟರ್ ಹತ್ರ ಕೂತು ಮಾತಾಡಿ ತೀರ್ಮಾನ ಮಾಡಿ.

ಇನ್ಸುಲಿನ್ ಚುಚ್ಚೋ ಪೆನ್ ಉಪಯೋಗ್ಸೋದನ್ನ ನರ್ಸ್ ತೋರಿಸೋವಾಗ ನೀವೂ ಕಲಿಯಿರಿ. ಪ್ರತಿ ಸಲ ಹೊಸ ಸೂಜಿ. ಮೋಡದಂಗೆ ಮಬ್ಬಾಗಿರೋ ಇನ್ಸುಲಿನ್ ಆದ್ರೆ ಅಂಗೈಯಲ್ಲಿ ಉರುಳಿಸಿ, ತಲೆಕೆಳಗು ಮಾಡಿ ಬೆರೆಸ್ಬೇಕು, ಕುಲುಕ್ಬಾರ್ದು. ಎರಡು ಯೂನಿಟ್ ಗಾಳಿಗೆ ಬಿಟ್ಟು ತುದಿಯಲ್ಲಿ ಹನಿ ಬರೋದು ನೋಡಿ, ಆಮೇಲೆ ಡೋಸ್ ತಿರುಗಿಸಿ. ಹೊಟ್ಟೆಯಲ್ಲಿ ಹೊಕ್ಕುಳಿಂದ ದೂರ, ಪಕ್ಕಕ್ಕೆ, ಇಲ್ಲಾ ತೊಡೆಯ ಹೊರಭಾಗ, ದಿನಾ ಜಾಗ ಬದಲಾಯಿಸಿ. ಬಟನ್ ಪೂರ್ತಿ ಒತ್ತಿದ ಮೇಲೆ ನಿಧಾನಕ್ಕೆ ಹತ್ತು ಎಣಿಸಿ ಸೂಜಿ ತೆಗೀರಿ. ಹೊಟ್ಟೆಗೆ ಚುಚ್ಚಿದ್ರೆ ಮಗುಗೆ ತಾಗತ್ತೇನೋ ಅಂತ ಅವಳಿಗೆ ಭಯ ಇತ್ತು, ಸೂಜಿ ಇರೋದು ಕೆಲವೇ ಮಿಲಿಮೀಟರ್, ಚರ್ಮದ ಕೆಳಗಿನ ಕೊಬ್ಬಿಗೆ ಅಷ್ಟೇ ಹೋಗೋದು. ಇನ್ನೂ ತೆರೆಯದ ಪೆನ್ ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿ, ಫ್ರೀಜರ್‌ನಲ್ಲಿ ಇಡಲೇಬಾರ್ದು. ಉಪಯೋಗಿಸ್ತಿರೋದು ಹೊರಗಿದ್ರೂ ನಡೆಯತ್ತೆ, ಎಷ್ಟು ದಿನ ಅಂತ ಡಬ್ಬಿ ಮೇಲೆ ಇರತ್ತೆ, ತೆರೆದ ತಾರೀಕು ಪೆನ್ ಮೇಲೆ ಬರೀರಿ.

ವಾರ ವಾರ ಡೋಸ್ ಏರ್ತಾ ಹೋದ್ರೆ ಹೆದರ್ಬೇಡಿ, ಮಾಸು ಬೆಳೀತಿದೆ ಅಂತ ಅರ್ಥ. ಆದ್ರೆ ಕೊನೇ ವಾರಗಳಲ್ಲಿ ಏನೂ ಬದಲಾವಣೆ ಮಾಡದೆ ಶುಗರ್ ಇದ್ದಕ್ಕಿದ್ದಂಗೆ ತುಂಬಾ ಕಮ್ಮಿ ಬರೋಕೆ ಶುರುವಾಗಿ ಅದೇ ಡೋಸ್‌ಗೆ ಪದೇ ಪದೇ ಲೋ ಆಗ್ತಿದ್ರೆ ಸುಧಾರಿಸ್ತು ಅಂತ ಖುಷಿ ಪಡ್ಬೇಡಿ, ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ, ಮಾಸು ಸರಿಯಾಗಿ ಕೆಲ್ಸ ಮಾಡ್ತಿದೆಯಾ ಅಂತ ಅವರು ನೋಡ್ಬೇಕು.

ಹೆಜ್ಜೆ 8: ಲೋ ಆದ್ರೆ

ಬರೀ ಊಟದಲ್ಲಿ ನಿಭಾಯಿಸ್ತಿರೋರಿಗೆ ಇದು ಅಪರೂಪ, ಇನ್ಸುಲಿನ್ ತಗೋಳೋರಿಗೆ ಆಗಬಹುದು. ಕೈ ನಡುಕ, ಬೆವರು, ಎದೆ ಡವಡವ, ಸಿಡಿಮಿಡಿ, ಕಣ್ಣು ಮಂಜು. ಮೀಟರ್ 70ರ ಕೆಳಗೆ ತೋರಿಸಿದ್ರೆ ತಕ್ಷಣ 15 ಗ್ರಾಂ ಬೇಗ ಕರಗೋ ಸಕ್ಕರೆ, ಅಂದ್ರೆ ಗ್ಲುಕೋಸ್ ಮಾತ್ರೆ, ಇಲ್ಲಾ ಅರ್ಧ ಕಪ್ ಹಣ್ಣಿನ ಜ್ಯೂಸು, ಇಲ್ಲಾ ಒಂದು ದೊಡ್ಡ ಚಮಚ ಸಕ್ಕರೆ ನೀರಲ್ಲಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70ರ ಕೆಳಗಿದ್ರೆ ಮತ್ತೆ ಅಷ್ಟೇ ಕೊಡಿ, ಸರಿ ಆದ್ಮೇಲೆ ಏನಾದ್ರೂ ತಿನ್ನಿಸಿ. ಚಾಕಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಏರೋದನ್ನ ನಿಧಾನ ಮಾಡತ್ತೆ. ಪ್ರಜ್ಞೆ ಸರಿ ಇಲ್ಲ ಅಂದ್ರೆ ಬಾಯಿಗೆ ಏನೂ ಹಾಕ್ಬೇಡಿ, ಆಂಬ್ಯುಲೆನ್ಸ್ ಕರೀರಿ. ಹಾಸಿಗೆ ಪಕ್ಕ ಒಂದು, ಅವಳ ಬ್ಯಾಗಲ್ಲಿ ಒಂದು ಗ್ಲುಕೋಸ್ ಪ್ಯಾಕೆಟ್ ಯಾವಾಗ್ಲೂ ಇರ್ಲಿ.

ಹೆಜ್ಜೆ 9: ಮಾತು

ಇದಕ್ಕೆ ದಿನ ವಾರ ಇಲ್ಲ, ಮೊದಲಿಂದ ಕೊನೆವರೆಗೂ. "ಎಷ್ಟು ಬಂತು?" ಅಂತ ಮೊದಲು ಕೇಳೋದನ್ನ ಬಿಡಿ. ದಿನಕ್ಕೆ ನಾಲ್ಕು ಸಲ ಪರೀಕ್ಷೆ ಬರೆದು ನಾಲ್ಕು ಸಲ ಮಾರ್ಕ್ಸ್ ಹೇಳ್ಬೇಕಾದ ಹಂಗೆ ಆಗತ್ತೆ ಅವಳಿಗೆ. "ಇದನ್ನ ನೀನು ತಿನ್ನಬಹುದಾ?" ಅನ್ನೋ ಪ್ರಶ್ನೆ ಇನ್ನೂ ಕೆಟ್ಟದ್ದು, ನಾನು ಅದನ್ನ ಎರಡು ಸಲ ಕೇಳಿದೀನಿ, ಎರಡನೇ ಸಲ ಅವಳು ತಟ್ಟೆ ಅಲ್ಲೇ ಇಟ್ಟು ಎದ್ದು ಹೋದ್ಲು. ಅವಳಿಗೆ ಗೊತ್ತಿದೆ ಏನು ತಿನ್ಬಾರ್ದು ಅಂತ, ನಿಮಗಿಂತ ಚೆನ್ನಾಗಿ ಗೊತ್ತಿದೆ. ನಂಬರ್ ಜಾಸ್ತಿ ಬಂದಾಗ "ಬರ್ಕೋತೀನಿ, ನಾಳೆ ಈ ತಿಂಡಿ ಬದಲಾಯಿಸಿ ನೋಡೋಣ" ಅನ್ನಿ ಸಾಕು. ಕಮ್ಮಿ ಬಂದಾಗ ವಾವ್ ಅಂತ ಹೊಗಳೋದೂ ಬೇಡ, ಹೊಗಳಿಕೆ ಜೊತೆಗೇ ನಾಳೆ ಜಾಸ್ತಿ ಬಂದ್ರೆ ಅನ್ನೋ ಭಯನೂ ಬರತ್ತೆ.

ನೆಂಟರು ಇಷ್ಟರನ್ನ ತಡೆಯೋ ಕೆಲ್ಸನೂ ನಿಮ್ಮದೇ. "ಇಬ್ಬರ ಪಾಲು ತಿನ್ಬೇಕಮ್ಮ, ಒಂದು ತುಂಡು ಏನಾಗಲ್ಲ" ಅನ್ನೋರು ಒಂದು ಕಡೆ, "ನಾವೆಲ್ಲ ಹೆತ್ತಿಲ್ವಾ, ನಮಗ್ಯಾರಿಗೂ ಇರ್ಲಿಲ್ಲ" ಅನ್ನೋರು ಇನ್ನೊಂದು ಕಡೆ. ಅವಳು ಉತ್ತರ ಕೊಡೋ ಪರಿಸ್ಥಿತಿ ಬರೋಕೆ ಮುಂಚೆ ನೀವು ಕೊಡಿ, ಮೆತ್ತಗೆ ಆದ್ರೆ ಸ್ಪಷ್ಟವಾಗಿ. ದಿನಗಟ್ಟಲೆ ಅಳು, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ ಅಂತಾದ್ರೆ ಅದು ಬರೀ ಬೇಜಾರಲ್ಲ, ಶುಗರ್ ಇರೋ ಗರ್ಭಿಣಿಯರಲ್ಲಿ ಖಿನ್ನತೆ ಹೆಚ್ಚು ಕಾಣತ್ತೆ, ಡಾಕ್ಟರ್‌ಗೆ ಅದನ್ನೂ ಹೇಳಿ.

ಹೆಜ್ಜೆ 10: ಕಾಯದೆ ಹೊರಡಬೇಕಾದ ಲಕ್ಷಣಗಳು

ಮಗು ಒದೆಯೋದು ಕಮ್ಮಿ ಆದ್ರೆ. ಪಕ್ಕಕ್ಕೆ ಮಲಗಿ ಎಣಿಸಿದ್ರೆ ಎರಡು ಗಂಟೆಯಲ್ಲಿ ಹತ್ತು ಸಲನಾದ್ರೂ ಮಿಸುಕಾಡ್ಬೇಕು ಅನ್ನೋದು ಬಹಳ ಕಡೆ ಹೇಳೋ ಲೆಕ್ಕ, ಆದ್ರೆ ಲೆಕ್ಕಕ್ಕಿಂತ ಅವಳಿಗೆ "ಎಂದಿನಂಗೆ ಇಲ್ಲ" ಅನ್ನಿಸಿದ್ದೇ ದೊಡ್ಡದು, ರಾತ್ರಿ ಎರಡು ಗಂಟೆ ಆಗಿದ್ರೂ ಹೊರಡಿ. ಶುಗರ್ ಇರೋರಿಗೆ ಬಿಪಿ ಏರೋ ಸಾಧ್ಯತೆನೂ ಹೆಚ್ಚು, ಹಂಗಾಗಿ ಜೋರು ತಲೆನೋವು, ಕಣ್ಣ ಮುಂದೆ ಮಿಂಚು ಮಿಂಚು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಇದ್ದಕ್ಕಿದ್ದಂಗೆ ಊದ್ಕೊಳ್ಳೋದು, ಇವೂ ಅಷ್ಟೇ ತುರ್ತು. ವಾಂತಿ ಭೇದಿ ಆಗಿ ಏನೂ ಉಳೀತಿಲ್ಲ ಅಂದ್ರೂ ಇನ್ಸುಲಿನ್ ಬಗ್ಗೆ ಸ್ವಂತ ತೀರ್ಮಾನ ಬೇಡ, ಫೋನ್ ಮಾಡಿ ಕೇಳಿ.

ಹೆಜ್ಜೆ 11: ಹೆರಿಗೆ

ಶುಗರ್ ಅಂದ್ರೆ ಸಿಸೇರಿಯನ್ನೇ ಅಂತ ಇಲ್ಲ. ಊಟದಲ್ಲೇ ಹಿಡಿತದಲ್ಲಿದ್ರೆ 39 ವಾರ ಮುಗಿಸಿ 40 ವಾರ 6 ದಿನದವರೆಗೂ ಕಾಯ್ತಾರೆ, ಔಷಧಿ ಮೇಲೆ ಚೆನ್ನಾಗಿ ಹಿಡಿತದಲ್ಲಿದ್ರೆ ಸಾಮಾನ್ಯವಾಗಿ 39 ವಾರ ತುಂಬಿದ ಮೇಲೆ, 40 ವಾರ ತುಂಬೋ ಮುಂಚೆ ಹೆರಿಗೆ ಮಾಡಿಸ್ತಾರೆ. ಸ್ಕ್ಯಾನಲ್ಲಿ ಮಗು ತೂಕ ತುಂಬಾ ಹೆಚ್ಚು ಕಂಡ್ರೆ ಮಾತು ಬೇರೆ, ಆ ಸ್ಕ್ಯಾನ್ ತೂಕನೂ ಅಂದಾಜೇ ಅನ್ನೋದು ನೆನಪಿರ್ಲಿ. ಬ್ಯಾಗಲ್ಲಿ ಮೀಟರು, ಸ್ಟ್ರಿಪ್ಪು, ರೀಡಿಂಗ್ ಬರೆದ ಪುಸ್ತಕ, ಔಷಧಿ ಚೀಟಿ ಇಡಿ. ಇನ್ಸುಲಿನ್ ತಗೊಳ್ತಿದ್ರೆ ನೋವು ಶುರುವಾದ ದಿನ ಎಷ್ಟು ತಗೋಬೇಕು ಅಂತ ಮುಂಚೆನೇ ಕೇಳಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಮಗು ಹುಟ್ಟಿದ ಮೇಲೆ ಹಿಮ್ಮಡಿಯಿಂದ ರಕ್ತ ತೆಗೆದು ಶುಗರ್ ನೋಡ್ತಾರೆ, ಮೊದಲ ದಿನ ಕೆಲವು ಸಲ. ಆ ಪುಟ್ಟ ಕಾಲಿಗೆ ಚುಚ್ಚೋದು ನೋಡೋಕೆ ಆಗಲ್ಲ, ಆದ್ರೆ ಬೇಕು. ಸಾಧ್ಯ ಆದ್ರೆ ಮೊದಲ ಗಂಟೆಯಲ್ಲೇ ಎದೆಹಾಲು, ಆಮೇಲೆ ಎರಡು ಮೂರು ಗಂಟೆಗೊಂದು ಸಲ, ಎದೆ ಮೇಲೆ ಚರ್ಮಕ್ಕೆ ಚರ್ಮ ತಾಗಿಸಿ ಬೆಚ್ಚಗೆ ಇಟ್ಕೊಳ್ಳೋದು. ಕಮ್ಮಿ ಬಂದ್ರೆ ಕೆನ್ನೆ ಒಳಗೆ ಗ್ಲುಕೋಸ್ ಜೆಲ್ ಸವರೋದೋ, ಜಾಸ್ತಿ ಹಾಲು ಕೊಡೋದೋ, ಡ್ರಿಪ್ಪೋ ಏನಾದ್ರೂ ಮಾಡ್ತಾರೆ, ಹೆಚ್ಚಿನ ಮಕ್ಕಳು ಒಂದೆರಡು ದಿನದಲ್ಲಿ ಸರಿ ಹೋಗ್ತವೆ. ನಮ್ಮ ಮಗಳಿಗೆ ಮೊದಲನೇದು ಕಮ್ಮಿ ಬಂತು, ಹಾಲು ಕುಡಿದ ಮೇಲೆ ಎರಡನೇದು ಸರಿ ಇತ್ತು.

ಹೆಜ್ಜೆ 12: ಎಲ್ಲರೂ ಮರೆಯೋ ಟೆಸ್ಟು

ಮಾಸು ಹೊರಗೆ ಬಂತು ಅಂದ್ರೆ ಆ ಹಾರ್ಮೋನ್‌ಗಳೂ ಹೋದ್ವು, ಹೆಚ್ಚಿನವರಿಗೆ ಅವತ್ತೇ ಇನ್ಸುಲಿನ್ ನಿಲ್ಲಿಸ್ತಾರೆ. ಎಲ್ಲರೂ ಮುಗೀತು ಅಂದ್ಕೊಳ್ಳೋದು ಇಲ್ಲೇ. ಹೆರಿಗೆ ಆಗಿ 4ರಿಂದ 12 ವಾರದ ಒಳಗೆ ಇನ್ನೊಂದು ಸಲ 75 ಗ್ರಾಂ ಗ್ಲುಕೋಸ್ ಕುಡಿದು ಎರಡು ಗಂಟೆ ಟೆಸ್ಟ್ ಮಾಡಿಸ್ಲೇಬೇಕು, ಶುಗರ್ ಪೂರ್ತಿ ಹೋಯ್ತಾ ಉಳ್ಕೊಂತಾ ಅಂತ ಅದರಲ್ಲೇ ಗೊತ್ತಾಗೋದು. ಅದು ಸರಿ ಬಂದ್ರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡ್ತಾ ಇರ್ಬೇಕು, ಈ ಶುಗರ್ ಬಂದಿದ್ದವರಿಗೆ ಮುಂದೆ ಟೈಪ್ 2, ಅಂದ್ರೆ ದೊಡ್ಡವರಿಗೆ ಸಾಮಾನ್ಯವಾಗಿ ಬರೋ ಖಾಯಂ ಶುಗರ್, ಬರೋ ಸಾಧ್ಯತೆ ಉಳಿದವರಿಗಿಂತ 7ರಿಂದ 10 ಪಟ್ಟು ಅಂತ ದೊಡ್ಡ ವಿಶ್ಲೇಷಣೆಗಳು ಹೇಳಿವೆ. ಎದೆಹಾಲು ಕುಡಿಸಿದವರಲ್ಲಿ ಆ ಸಾಧ್ಯತೆ ಕಮ್ಮಿ ಕಂಡಿದೆ, ತೂಕ ಮತ್ತು ನಡಿಗೆ ಕೂಡ ಕೆಲ್ಸಕ್ಕೆ ಬರ್ತವೆ. ಮುಂದಿನ ಸಲ ಗರ್ಭಿಣಿ ಆದ್ರೆ ಶುರುವಿನಲ್ಲೇ ಡಾಕ್ಟರ್‌ಗೆ ಇದನ್ನ ಹೇಳಿ.

ಆ ಟೆಸ್ಟ್ ಡೇಟನ್ನ ಆಸ್ಪತ್ರೆಯಿಂದ ಮನೆಗೆ ಬರೋ ದಿನವೇ ನಿಮ್ಮ ಫೋನಲ್ಲಿ ಹಾಕ್ಕೊಳ್ಳಿ, ಅವಳ ಫೋನಲ್ಲಿ ಅಲ್ಲ. ಆ ದಿನ ನೀವೇ ರಜೆ ಹಾಕಿ, ಹೊರಡೋ ಮುಂಚೆ ಅವಳು ಹಾಲು ಕುಡಿಸ್ಲಿ, ಟೆಸ್ಟ್ ಮಧ್ಯೆ ಮಗು ಅತ್ರೂ ಕುಡಿಸ್ಬಹುದು, ತೊಂದರೆ ಇಲ್ಲ. ಮಗು ಡೈಪರ್ ಬ್ಯಾಗ್ ಜೊತೆ ಟೆಸ್ಟ್ ಮುಗಿದ ತಕ್ಷಣ ಅವಳು ತಿನ್ನೋಕೆ ಒಂದು ಡಬ್ಬಿ ಊಟನೂ ಇಟ್ಕೊಂಡು, ಆ ಎರಡು ಗಂಟೆ ಮಗುನ ನೀವು ಎತ್ಕೊಂಡು ಓಡಾಡ್ತಾ ಇರಿ.